ಕೊಳೆ ಇಲ್ಲದ ನೀರು

ಕಲ್ಲಿನ ಮೇಲಿನ ಹವಳಗಳು ಆ ಭಾನುವಾರವೂ ಅರಳಲಿಲ್ಲ. ಬಿಸಿಲು ಕಿಟಕಿಯ ಸರಳು ದಾಟಿ, ಗಾಜಿನ ತೊಟ್ಟಿಯೊಳಗೆ ಇಳಿದು, ತಳದ ಮರಳಿನ ಮೇಲೆ ಬಲೆಬಲೆಯಾಗಿ ಆಡುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅಲ್ಲಿ ನೀರೇ ಇಲ್ಲವೇನೋ, ಕಲ್ಲು ಗಾಳಿಯಲ್ಲಿ ಸುಮ್ಮನೆ ಕೂತಿದೆಯೇನೋ ಎನಿಸುತ್ತಿತ್ತು. ಯಮುನ ಹಣೆಯನ್ನು ಗಾಜಿಗೆ ಒತ್ತಿಕೊಂಡು ನೋಡುತ್ತಲೇ ಇದ್ದಳು. ಅಂಗಿಯ ಗುಂಡಿಯಷ್ಟೇ ಅಗಲದ ಜೀವಗಳು. ಅದಕ್ಕೇ ಅವಳು ಅವಕ್ಕೆ ಗುಂಡಿ ಹವಳ ಎಂದು ಹೆಸರಿಟ್ಟಿದ್ದಳು. ತಲಶ್ಶೇರಿಯ ಬಂಡೆಗಳ ಸಂದಿಯಲ್ಲಿ, ಕಡಲು ಇಳಿದ ಹೊತ್ತಿನಲ್ಲಿ, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅವುಗಳನ್ನು ಮೊದಲು ಕಂಡಾಗ ಒಂದೊಂದೂ ಎಳೆ ಹಸಿರು ತಟ್ಟೆಯ ಹಾಗಿತ್ತು. ತಟ್ಟೆಯ ಅಂಚಿಗೆ ಕಣ್ಣಿನ ರೆಪ್ಪೆಯಂಥ ಎಳೆಗಳು, ನಡುವೆ ಸಣ್ಣ ಬಿಳಿಯ ಬಾಯಿ. ಈಗ ಎಲ್ಲವೂ ಮುಷ್ಟಿ ಹಿಡಿದು ಕೂತಿದ್ದವು. ಹಸಿರು ಹೋಗಿ ಹಾಲು ಹೆಚ್ಚಾದ ಚಹಾದ ಬಣ್ಣ ಬಂದಿತ್ತು. ಔಷಧ ಕುಡಿಸಲು ಹೋದಾಗ ಹಟ ಹಿಡಿದ ಮಗು ತುಟಿ ಕಚ್ಚಿಕೊಳ್ಳುವುದಿಲ್ಲವೆ, ಹಾಗೆ. ತನ್ನ ಮೇಲೇ ಮುನಿಸು ಎಂದುಕೊಂಡಳು. ಇನ್ನೇನು ಮಾಡಲಿ ನಿಮಗೆ, ಇದಕ್ಕಿಂತ ಚೊಕ್ಕ ಹೇಗೆ ಇಡಲಿ?

"ಎಂತ ಗೂಡೆ, ಕಾಫಿ ಆರ್ತುಟ್ಟು," ಒಳಗಿಂದ ಅತ್ತೆ ಪೊನ್ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಸೊಸೆಯನ್ನು ಕೂಗಿದರು. "ಆ ಕಲ್ಲಿನ ಮುಂದೆ ಕೂತ್ರೆ ಹೊಟ್ಟೆ ತುಂಬುದುಟ್ಟಾ?"

ಬಂದೆ ಅತ್ತೆ ಎಂದಳು. ಕಾಫಿ ಆರುತ್ತಿದೆಯೆಂದು ಗೊತ್ತಿದ್ದೂ ಏಳಲಿಲ್ಲ. ಗಾಜಿನ ಮೇಲೆ ತನ್ನ ಉಸಿರು ಮಾಡಿದ ಮಂಜನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗದಲ್ಲಿ ಒಂದು ಬೆರಳಿನ ಗುರುತು ಕಂಡಿತು, ಅದನ್ನೂ ಒರೆಸಿದಳು. ಈಚೆಗೆ ಅವಳ ಕೈ ತಾನಾಗಿಯೇ ಒರೆಸುತ್ತಿತ್ತು. ತರಗತಿಯಲ್ಲಿ ಪಾಠ ಮಾಡುತ್ತ ಮೇಜಿನ ಅಂಚನ್ನು ಒರೆಸುತ್ತ ನಿಂತಿರುವುದು ಅವಳಿಗೇ ಹಠಾತ್ತನೆ ಗೊತ್ತಾಗಿ, ಹುಡುಗಿಯರು ನೋಡಿದರೇನೋ ಎಂದು ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಎಲ್ಲರೂ ನೋಡಿರುತ್ತಾರೆ. ಹೈಸ್ಕೂಲಿನ ಹುಡುಗಿಯರ ಕಣ್ಣಿಗೆ ಬೀಳದ್ದು ಯಾವುದಿದೆ. ಫೆಬ್ರವರಿಯಲ್ಲಿ, ಪೋಷಕರ ದಿನದಂದು, ಅವರೇ ಅಲ್ಲವೆ ಮೊದಲು ಮೂಗು ಮುಚ್ಚಿಕೊಂಡದ್ದು.

ಶಾಲೆಯಲ್ಲಿ ಇಟ್ಟಿದ್ದ ಆ ಮೊದಲ ತೊಟ್ಟಿಗೆ ಅವಳು ಕೊಟ್ಟದ್ದು ಪ್ರೀತಿಯನ್ನೇ. ಬೇಯಿಸಿದ ಮೊಟ್ಟೆಯ ಹಳದಿ, ಒಣ ಸೀಗಡಿಯ ಪುಡಿ, ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ, ಹಸಿದಿರಬಹುದೆಂದು ನಡುವೆ ಇನ್ನೊಂದು. ಗೋಣಿಕೊಪ್ಪಲಿನ ಹುಡುಗಿಯರು ಸಮುದ್ರ ಕಂಡವರಲ್ಲ. ಪಾಠದ ಪುಸ್ತಕದ ಚಿತ್ರದಲ್ಲಿದ್ದ ಹವಳವನ್ನು ಜೀವಂತ ತೋರಿಸುತ್ತೇನೆಂದು ಅವಳೇ ಹೇಳಿಕೊಂಡಿದ್ದಳು, ಅದೂ ಹೆಡ್ಮಾಸ್ಟರ್ ಪುಟ್ಟರಾಜು ಅವರ ಎದುರಿಗೆ, ತನ್ನದಲ್ಲದ ಒಂದು ದೊಡ್ಡ ದನಿಯಲ್ಲಿ. ಪೋಷಕರ ದಿನದ ಹಿಂದಿನ ದಿನ ನೀರು ಸ್ವಲ್ಪ ಮಬ್ಬಾಗಿತ್ತು. ಮರುದಿನ ಅಕ್ಕಿ ತೊಳೆದ ನೀರಿನಷ್ಟು ಬಿಳಿ. ಮಧ್ಯಾಹ್ನ, ಹಾರ ಹಾಕಿ ಹಾಡು ಹೇಳಿ ಮುಗಿಸಿ ಎಲ್ಲರೂ ವಿಜ್ಞಾನದ ಕೋಣೆಗೆ ಬರುವ ವೇಳೆಗೆ ಕೊಳೆತ ಮೀನಿನ, ಕೆಟ್ಟ ಮೊಟ್ಟೆಯ, ಇನ್ನೂ ಹೆಸರಿಲ್ಲದ ಏನೋ ಒಂದರ ನಾತ ಬಾಗಿಲಲ್ಲೇ ಎದುರುಗೊಂಡಿತು. ಹೆಡ್ಮಾಸ್ಟರು ಕರವಸ್ತ್ರವನ್ನು ಮೂಗಿಗೆ ಹಿಡಿದು, ಆ ಕರವಸ್ತ್ರದ ಹಿಂದಿನಿಂದಲೇ, "ಯಮುನಮ್ನೋರೆ, ಸೈನ್ಸು ಅಂದ್ರೆ ಇದೇನಾ?" ಎಂದರು. ಯಾರೋ ನಕ್ಕರು. ಒಬ್ಬ ತಂದೆ ವರಾಂಡಕ್ಕೆ ಹೋಗಿ ಉಗುಳಿದ. ಬಕೆಟ್ಟಿನಲ್ಲಿ ಆ ನೀರನ್ನು ತುಂಬಿ ತುಂಬಿ ಕಕ್ಕಸಿನ ಹಿಂದಿನ ಗುಂಡಿಗೆ ಸುರಿದು ಬಂದವಳು ಅವಳೊಬ್ಬಳೇ. ಕರಗಿ ಲೋಳೆಯಾದ ಹವಳಗಳು ಕೊನೆಯ ಬಕೆಟ್ಟಿನಲ್ಲಿದ್ದವು. ಸೀರೆಯ ನೆರಿಗೆಗೆ ತಾಗಿದ ವಾಸನೆ ಎಷ್ಟು ಒಗೆದರೂ ಹೋಗದೆ, ಕೊನೆಗೆ ಆ ಸೀರೆಯನ್ನೇ ಅವಳು ಒಲೆಗೆ ಹಾಕಿದಳು. ಮರುದಿನದಿಂದ ಅವಳ ಹೆಸರು ನಾತದ ಟೀಚರು. ಮೂರನೆಯ ಪೀರಿಯಡ್ಡಿನ ಗಂಟೆ ಹೊಡೆಯುವಾಗ, ಮೆಟ್ಟಿಲಿನ ತಿರುವಿನಲ್ಲಿ ಹುಡುಗಿಯರು ಅದನ್ನು ಹೇಳುವರು, ಅವಳಿಗೆ ಕೇಳಲೆಂದಲ್ಲ, ಅವಳಿಗೆ ಕೇಳಬಾರದೆಂದೂ ಅಲ್ಲ.

ಅದಕ್ಕೇ ಈ ಎರಡನೆಯ ತೊಟ್ಟಿ ಮನೆಯಲ್ಲಿ. ಗಂಡ ದೇರಪ್ಪನಿಗೆ ಪೇಟೆಯ ರಸ್ತೆಯಲ್ಲಿ ಟಯರು ರಿಪೇರಿಯ ಅಂಗಡಿ. ಮನೆ ಅದರ ಹಿಂದೆ. ಹೋದದ್ದು ಹೋಯಿತು, ಇನ್ನೊಂದು ಮಾಡು ಎಂದವನೂ ಅವನೇ, ಕಬ್ಬಿಣದ ಪಟ್ಟಿ ಬೆಸೆದು ಗಾಜು ಕೂರಿಸಿಕೊಟ್ಟವನೂ ಅವನೇ. ನೀರಿಗೆ ಗಾಳಿ ಕೊಡುವುದಕ್ಕೆ ಜೀಪಿನ ಹಳೆಯ ಟ್ಯೂಬೊಂದನ್ನು ಉಬ್ಬಿಸಿ, ಅದರ ಬಾಯಿಗೆ ಸಪೂರ ರಬ್ಬರು ನಳಿಗೆ ಸಿಕ್ಕಿಸಿ, ನಳಿಗೆಗೊಂದು ಕ್ಲಿಪ್ಪು ಹಾಕಿಕೊಟ್ಟಿದ್ದ. ದಿನವಿಡೀ ಅದು ಗುಳುಗುಳು ಗುಳ್ಳೆ ಬಿಡುತ್ತಿತ್ತು. ಮಳೆ ನಿಂತ ಮೇಲೆ ಇಬ್ಬರೂ ಜೀಪಿನಲ್ಲಿ ಘಾಟಿಯಿಳಿದು ಹೋಗಿ ಹೊಸ ಕಲ್ಲು ತಂದಿದ್ದರು. ನೀರು ಮೀನಿನ ಲಾರಿಯಲ್ಲಿ, ಗಾಜಿನ ಜಾಡಿಗಳಲ್ಲಿ ಬರುತ್ತಿತ್ತು. ಈ ಸಲ ಅವಳು ತಪ್ಪು ಮಾಡುವುದಿಲ್ಲ. ಬಂದ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದಳು, ಇದ್ದಿಲಿನ ಮೇಲೆ ಹಾಯಿಸಿದಳು. ಮೀನಿನ ಲಾರಿ ಬಂದಾಗಲೆಲ್ಲ ಹಳೆಯ ನೀರು ತೆಗೆದು ಹೊಸದು ಹಾಕಿದಳು. ಆಹಾರ ಎನ್ನುವ ಮಾತೇ ಇಲ್ಲ. ಕಲ್ಲಿನ ಜತೆ ಬಂದಿದ್ದ ಒಂದು ಬಂಡೆಮೀನು, ಹೆಬ್ಬೆರಳಿನಷ್ಟು ಉದ್ದದ್ದು, ಹೇಲುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಡಿದು ಹಿತ್ತಿಲ ಜಗಲಿಯ ಜಾಡಿಗೆ ಹಾಕಿದಳು. ಗಾಜಿನ ಮೇಲೆ ಎಳೆ ಪಾಚಿ ಕಂಡರೆ ಬ್ಲೇಡಿನಿಂದ ಕೆರೆದಳು. ಕಲ್ಲನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ತಿಕ್ಕುವಾಗ ಒಮ್ಮೆ ಕಲ್ಲಿನ ಮೂಲೆಯೊಂದು ಕಿತ್ತುಬಂತು; ಅದರ ಮೇಲೆ ಮೂರು ಹವಳಗಳು ಮುದುರಿಕೊಂಡಿದ್ದವು, ಸಿಟ್ಟು ಬಂದು ಅದನ್ನೂ ಆ ಮೀನಿನ ಜಾಡಿಗೆ ಎಸೆದಳು. ಅಲ್ಲಿಗೆ ಮತ್ತೆ ತಿರುಗಿ ನೋಡಲಿಲ್ಲ. ಕೊಳೆ ಇರುವ ಕಡೆ ನೋಡುವುದಕ್ಕೇ ಅವಳಿಗೆ ಆಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಇವು ಹೀಗೆ. ನಾತವಿಲ್ಲ, ಮಬ್ಬಿಲ್ಲ, ಸಾವೂ ಇಲ್ಲ. ಸಾವಿಗೆ ಮೊದಲಿನ ಒಂದು ದೀರ್ಘ ಸಭ್ಯತೆ ಮಾತ್ರ.

ದೇರಪ್ಪ ಟ್ಯೂಬಿಗೆ ಗಾಳಿ ಹಾಕಿ ತಂದು ಮೂಲೆಯಲ್ಲಿಟ್ಟ. ಅವಳ ಹಿಂದೆ ಬಂದು ಬಗ್ಗಿ ನೋಡಿದ. ಗ್ರೀಸಿನ ವಾಸನೆ. ಅವಳು ತನಗೆ ಗೊತ್ತಿಲ್ಲದೆಯೇ ಗಾಜಿನಿಂದ ಅವನ ಕೈಯನ್ನು ದೂರ ಸರಿಸಿದಳು.

"ಗಾಳಿ ಉಟ್ಟು, ನಾಳೆವರೆಗೆ ಸಾಕು," ಎಂದ ಅವನು. ಆಮೇಲೆ, "ಇವು ಹಿಂದಿನಕ್ಕಿಂತ ಸಣ್ಣ ಆದಂಗೆ ಕಾಂತುಟ್ಟಲ್ಲ?"

"ಗೊತ್ತುಟ್ಟು," ಎಂದಳು. ದನಿ ಗಡುಸಾಯಿತು. ಅವನು ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಅಂಗಡಿಗೆ ಹೋದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅವನ ಕೈ ಸರಿಸಿದ ತನ್ನ ಕೈಯನ್ನು ಅವಳು ನೋಡಿಕೊಂಡಳು. ಉಪ್ಪುನೀರಿಗೆ ಬಿರಿದು, ಉಗುರಿನ ಬುಡ ಬೆಳ್ಳಗಾಗಿ, ಯಾರೋ ಆಸ್ಪತ್ರೆಯವರ ಕೈಯ ಹಾಗಿತ್ತು.

ಸಾಕು. ಕಲ್ಲನ್ನು ಎತ್ತಿ ಹಿತ್ತಿಲಿಗೆ ಒಯ್ದು ಕಾಫಿ ಗಿಡದ ಬುಡಕ್ಕೆ ಹಾಕಿದರಾಯಿತು. ಇನ್ನು ಕಡಲಿನ ಹಂಬಲ ಬೇಡ. ಅವಳು ತೋಳು ಮಡಚಿ, ತಣ್ಣನೆಯ ನೀರಿಗೆ ಕೈ ಇಳಿಸಿ, ಕಲ್ಲನ್ನು ಬಕೆಟ್ಟಿಗೆ ಎತ್ತಿಹಾಕಿ, ಆ ಭಾರಕ್ಕೆ ಒಂದು ಕಡೆ ವಾಲಿಕೊಂಡು, ಅಡುಗೆಮನೆ ದಾಟಿ ಹಿತ್ತಿಲ ಜಗಲಿಗೆ ಬಂದಳು. ಜಗಲಿಯ ಕಟ್ಟೆಯ ಮೇಲೆ ಬಿಸಿಲು ಚೆಲ್ಲಿತ್ತು. ಅಲ್ಲಿ ಪೊನ್ನಮ್ಮ ಮೀನಿನ ಜಾಡಿಯ ಮೇಲೆ ಬಗ್ಗಿ, ಬೆರಳ ತುದಿಯಿಂದ ಏನನ್ನೋ ಉದುರಿಸುತ್ತಿದ್ದವರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸೆಟೆದು ನಿಂತರು.

"ಎಂತದಿಲ್ಲೆ. ಒಂದ್ ಚೂರು ಸೀಗಡಿ ಪುಡಿ. ಪಾಪ, ಮೀನು ಉಪಾಸ ಕೂತುಟ್ಟು, ನೀ ನೋಡಿಕೆ ಬರ್ದೇ ಇಲ್ಲೆ."

ಯಮುನಳ ಬಾಯಲ್ಲಿ ಒಂದು ಕಟು ಮಾತು ಬಂದೇಬಿಟ್ಟಿತ್ತು. ಜಾಡಿಯ ಒಳಮೈಗೆಲ್ಲ ಹಸಿರು ಪಾಚಿ ಕಟ್ಟಿ ಒಂದು ಕಡೆ ಮಾತ್ರ ಕಿಂಡಿಯ ಹಾಗೆ ತೆರವಾಗಿತ್ತು. ಮೀನು ತಿಂದು ತೆರವು ಮಾಡಿದ ಕಿಂಡಿ. ಅದರೊಳಗಿಂದ ಅವಳಿಗೆ ಹಸಿರು ಕಂಡಿತು. ಪಾಚಿಯ ಹಸಿರಲ್ಲ. ಅವಳು ಬಕೆಟ್ಟನ್ನು ಕೆಳಗಿಟ್ಟು ಮಂಡಿಯೂರಿದಳು. ಅವಳು ಎಸೆದಿದ್ದ ಕಲ್ಲಿನ ಚೂರು ತಳದ ಕೊಳೆಯಲ್ಲಿ ಅರ್ಧ ಹೂತಿತ್ತು. ಅದರ ಮೇಲೆ ಮೂರಲ್ಲ, ಐದು. ಐದು ಹವಳಗಳು. ಒಂದೊಂದೂ ಅವಳ ಹೆಬ್ಬೆರಳಿನ ಉಗುರಿಗಿಂತ ಅಗಲವಾಗಿ, ಕಡಲಿನಲ್ಲಿ ಕಂಡದ್ದಕ್ಕಿಂತ ಕಪ್ಪುಹಸಿರಾಗಿ, ಎಳೆಗಳನ್ನೆಲ್ಲ ಚಾಚಿ, ನಾಚಿಕೆಯಿಲ್ಲದೆ ಅರಳಿ ಕೂತಿದ್ದವು.

ನೋಡುತ್ತ ನೋಡುತ್ತ ಹಳೆಯ ಪಾಠವೊಂದು ನೆನಪಾಯಿತು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ತರಗತಿ. ಹಿಂದಿನ ಬೆಂಚಿನಲ್ಲಿ ಕೊಡಗಿನಿಂದ ಬಂದವಳೆಂದು ಒಬ್ಬಳೇ ಕೂತವಳು. ಕಪ್ಪು ಹಲಗೆಯ ಮೇಲೆ ಹವಳದ ಸೀಳುಚಿತ್ರ, ಅದರ ಮೈಯ ಪದರದೊಳಗೆ ಸೀಮೆಸುಣ್ಣದ ಪುಟ್ಟ ಪುಟ್ಟ ಚುಕ್ಕೆಗಳು. ಇವು ಪಾಚಿಯ ಕಣಗಳು, ಹವಳ ತನ್ನ ಒಡಲಲ್ಲಿ ತೋಟ ಸಾಕುತ್ತದೆ, ಬಿಸಿಲಿಗೆ ಆ ತೋಟ ಬೆಳೆದು ಹವಳಕ್ಕೆ ಉಣ್ಣಿಸುತ್ತದೆ. ಅವಳು ಪರೀಕ್ಷೆಯಲ್ಲಿ ಬರೆದಿದ್ದಳು. ಅಂಕವೂ ಬಂದಿತ್ತು. ತೋಟ ಅಂದಮೇಲೆ ಅದಕ್ಕೆ ಗೊಬ್ಬರ ಬೇಡವೆ? ಈ ಊರಿನಲ್ಲಿ ಹುಟ್ಟಿ, ಕಾಫಿ ಗಿಡದ ಬುಡ ಬಿಡಿಸಿ ಕೊಟ್ಟಿಗೆಯ ಗೊಬ್ಬರ ಹೊತ್ತು ಹಾಕುವುದನ್ನು ವರ್ಷ ವರ್ಷ ಕಂಡು, ಬಿಸಿಲೊಂದಿದ್ದರೆ ಸಾಕೆಂದು ಅವಳು ಹೇಗೆ ನಂಬಿದಳು? ಮೀನು ತಿಂದು ಹೇಲಿದ್ದು, ಸೀಗಡಿ ಪುಡಿಯಲ್ಲಿ ಉಳಿದದ್ದು, ಅವಳು ಕೆರೆದು ಸೋಸಿ ಎತ್ತಿ ಎತ್ತಿ ಹೊರಗೆ ಚೆಲ್ಲಿದ್ದೆಲ್ಲ ಆ ತೋಟದ ಊಟ. ಮೊದಲ ಸಲ ಗೊಬ್ಬರದಲ್ಲಿ ಹೂತು ಕೊಂದಳು. ಈ ಸಲ ಬರಿಯ ಗಾಜಿನಲ್ಲಿ ಉಪವಾಸ ಕೆಡವಿದಳು. ಎರಡು ಸಲವೂ ನೋಡಿದ್ದು ಹವಳವನ್ನಲ್ಲ, ತನ್ನ ಬಗ್ಗೆ ಜನ ಏನೆನ್ನುತ್ತಾರೆ ಎಂಬುದನ್ನು.

"ಬೈತಿಯಾ?" ಪೊನ್ನಮ್ಮ ಕೇಳಿದರು, ಸಣ್ಣ ದನಿಯಲ್ಲಿ.

"ಇಲ್ಲೆ ಅತ್ತೆ," ಎಂದಳು ಯಮುನ. ನಗು ಬಂತು. "ನಾಳೆಯೂ ಹಾಕಿ. ಆದ್ರೆ ಅದರಲ್ಲಿ ಅರ್ಧ."

ಕಲ್ಲು ತೊಟ್ಟಿಗೆ ವಾಪಸು ಹೋಯಿತು. ಅದರ ಜತೆ ಮೀನೂ. ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಕಡ್ಡಿಯ ತುದಿಗೆ ಅರೆದ ಸೀಗಡಿಯ ಒಂದು ಕಣ ಅಂಟಿಸಿ ನೀರಿಗೆ ಇಳಿಸಿ, ಕೂಡಲೇ ಬಗ್ಗಿ ನೀರನ್ನು ಮೂಸುತ್ತಿದ್ದಳು. ಮೂಗು ಅಲ್ಲಿಲ್ಲದ ನಾತವನ್ನು ಹಿಡಿಯುತ್ತಿತ್ತು. ಶಾಲೆಯಲ್ಲಿ ಪಾಠದ ನಡುವೆ ಅವಳಿಗೆ ಒಮ್ಮೆಲೇ ಮನೆಯ ನೀರು ಬೆಳ್ಳಗಾಗಿರುವುದು ಕಣ್ಣಿಗೆ ಕಟ್ಟಿ ಮೈ ಬೆವರುತ್ತಿತ್ತು. ಸಂಜೆ ಓಡಿಬಂದು ನೋಡಿದರೆ ನೀರು ನೀರಿನ ಹಾಗೆಯೇ ಇರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಹವಳಗಳ ಮುಷ್ಟಿ ಸಡಿಲಿತು. ಒಂದು ಬಾಯಿ ಬಿಟ್ಟಿತು, ಆಮೇಲೆ ಇನ್ನೊಂದು. ಅವಳು ಹಿಗ್ಗಿ, ಒಂದು ಕಣದ ಕಡೆ ನಾಲ್ಕು ಕಣ ಕೊಟ್ಟಳು. ಗಾಜಿನ ಮೇಲೆ ಪಾಚಿ ಕೂದಲುಗಟ್ಟಿ ಇಳಿಬಿದ್ದಿತು. ಕಲ್ಲಿನ ಸಂದಿಯಿಂದಲೂ ಎದ್ದು ಹವಳಗಳ ಕುತ್ತಿಗೆಗೆ ಸುತ್ತಿಕೊಂಡಿತು. ಮತ್ತೆ ಅದೇ ಭಯ. ಬ್ಲೇಡು ಕೈಗೆತ್ತಿಕೊಂಡವಳು ಎಲ್ಲವನ್ನೂ ಕೆರೆದು ಬಿಸಾಡುವ ಹುಚ್ಚಿನಲ್ಲಿದ್ದಾಗ ದೇರಪ್ಪ ಊಟಕ್ಕೆ ಬಂದ.

"ಜೀಪಿಗೂ ಹಂಗೇ," ಎಂದ, ಕೈ ತೊಳೆಯುತ್ತ. "ಪೆಟ್ರೋಲು ಕಮ್ಮಿ ಕುಡಿಸಿದ್ರೂ ನಿಲ್ತದೆ, ಹೆಚ್ಚು ಕುಡಿಸಿದ್ರೂ ನಿಲ್ತದೆ. ಬಿಚ್ಚಿ ಎಸೆದ್ರೆ ಆಗುದುಟ್ಟಾ? ಕಿವಿ ಕೊಟ್ಟು ಕೇಳ್ತಾ ಕೇಳ್ತಾ ಸ್ಕ್ರೂ ತಿರುಗಿಸುದು."

ಅವಳು ಬ್ಲೇಡು ಇಟ್ಟಳು. ಆವತ್ತಿನಿಂದ ಕೇಳಲು ಕಲಿತಳು. ಮುಂದಿನ ಗಾಜನ್ನು ಮಾತ್ರ ಒರೆಸಿ ಹಿಂದಿನ ಗಾಜಿನ ಪಾಚಿಯನ್ನು ಹಾಗೇ ಬಿಟ್ಟಳು. ಅದು ಬೇಗ ದಟ್ಟವಾದರೆ ಊಟ ಹೆಚ್ಚಾಯಿತೆಂದು ಅರ್ಥ. ಕಣ ಕಡಿಮೆ ಮಾಡಿ ಸ್ವಲ್ಪ ಹಳೆಯ ನೀರು ತೆಗೆದು ಹೊಸದು ಹಾಕುತ್ತಿದ್ದಳು. ಹವಳದ ಹಸಿರು ಪೇಲವವಾದರೆ ನೀರು ಬಡವಾಯಿತೆಂದು ಅರ್ಥ. ಆ ವಾರ ಹೊಸ ನೀರು ಬೇಡ, ಮೀನಿಗೆ ಇನ್ನೊಂದು ಚೂರು. ಬಿಸಿಲಿಗೆ ನೀರು ಆರಿದಾಗ ಉಪ್ಪು ಆರುವುದಿಲ್ಲವಾದ್ದರಿಂದ ಬಾವಿಯ ಸಿಹಿನೀರು ಬೆರೆಸಬೇಕು; ಎಷ್ಟೆಂದು ನೋಡಲು ಹಾಲಿನವನ ಹತ್ತಿರ ಕೇಳಿ ತಂದ, ಹಾಲಿಗೆ ನೀರು ಬೆರೆಸಿದ್ದು ತಿಳಿಯುವ ಆ ಗಾಜಿನ ಬುರುಡೆಯನ್ನು ತೇಲಿಬಿಡುತ್ತಿದ್ದಳು. ಹೊಸ ಕಡಲನೀರಿನಲ್ಲಿ ಅದು ಮುಳುಗುವ ಗೆರೆ ಅವಳಿಗೆ ಗೊತ್ತಿತ್ತು. ತಿಂದು ಬಿಟ್ಟದ್ದು ಕಂಡರೆ ಆ ಸಂಜೆಯೇ ನಳಿಗೆಯಲ್ಲಿ ಎಳೆದು ತೆಗೆಯುತ್ತಿದ್ದಳು. ಹೀಗೆ ದಿನವೂ ಒಂದು ಅಳತೆ, ದಿನವೂ ಬೇರೆ ಅಳತೆ. ಕೊಳೆಯೂ ಅಲ್ಲದ ಚೊಕ್ಕವೂ ಅಲ್ಲದ ಒಂದು ನಡುವಿನ ಜಾಗದಲ್ಲಿ ಅವಳ ಮನಸ್ಸಿಗೆ ಕೂರುವುದು ಅಭ್ಯಾಸವಾಯಿತು. ಕಾಫಿ ಕುಯ್ಲು ಮುಗಿಯುತ್ತ ಬರುವ ವೇಳೆಗೆ ಕಲ್ಲಿನ ಒಂದು ಮುಖವೆಲ್ಲ ಹಸಿರು ತಟ್ಟೆಗಳಿಂದ ಮುಚ್ಚಿಹೋಗಿತ್ತು.

ಸ್ಕೂಲಿನಲ್ಲಿ ಅದೇ ವಾರ ಸುದ್ದಿ ಬಂತು. ಮೈಸೂರಿನಿಂದ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ. ಕೊಡಗು ಮೈಸೂರಿಗೆ ಸೇರಿದ ಮೇಲೆ ಹುಡುಗಿಯರ ಶಾಲೆಗಳಲ್ಲಿ ಎಲ್ಲಿ ವಿಜ್ಞಾನದ ವಿಭಾಗ ತೆರೆಯಬಹುದು, ಎಲ್ಲಿ ಗೃಹವಿಜ್ಞಾನವೇ ಸಾಕು ಎಂದು ಅವರೇ ನೋಡಿ ಹೇಳಬೇಕು. ಇಲ್ಲಿ ತೆರೆಯದಿದ್ದರೆ ಹತ್ತನೆಯ ತರಗತಿಗೆ ವಿಜ್ಞಾನ ಬೇಕೆನ್ನುವ ಹುಡುಗಿ ಮಡಿಕೇರಿಗೋ ಮೈಸೂರಿಗೋ ಹೋಗಬೇಕು, ಅಂದರೆ ಹೋಗುವುದಿಲ್ಲ. ಪುಟ್ಟರಾಜು ಕೆಟ್ಟವರಲ್ಲ. ಕುಶಾಲನಗರದ ಕಡೆಯಿಂದ ವರ್ಗವಾಗಿ ಬಂದ ಅವರಿಗೆ ಎಲ್ಲವೂ ಗಲಾಟೆಯಿಲ್ಲದೆ ಮುಗಿದರೆ ಸಾಕಿತ್ತು.

"ಆ ರೂಮು ಹೊಲಿಗೆ ಮಿಷನ್ನಿಗೆ ಬಿಟ್ಬಿಡಾಣ ಯಮುನಮ್ನೋರೆ. ಸೈನ್ಸು ತೋರ್ಸಕ್ಕೆ ನಮ್ಹತ್ರ ಏನೈತೆ ಹೇಳಿ? ಎಲ್ಡು ಬೀಕರು, ಒಂದು ಅಸ್ತಿಪಂಜರದ ಪಟ."

"ಹವಳ ಇದೆ, ಸಾರ್."

"ಅಯ್ಯೋ," ಎಂದರು ಅವರು, ನಿಜವಾಗಿಯೂ ಹೆದರಿ. "ಆ ನಾತದ ತೊಟ್ಟಿ ಮಾತ್ರ ಬ್ಯಾಡ. ಕೈ ಮುಗೀತೀನಿ."

ಅವಳು ತಲೆ ತಗ್ಗಿಸಿ ಹೊರಗೆ ಬಂದಳು. ಎಂದಿನ ಹಾಗೆ ತಗ್ಗಿಸಿದ ತಲೆ. ವರಾಂಡದ ಕೊನೆ ತಲುಪುವಷ್ಟರಲ್ಲಿ ಅವಳಿಗೆ ಒಂದು ವಿಚಿತ್ರ ಗೊತ್ತಾಯಿತು: ಅವಮಾನ ಆಗಬೇಕಾದ ಜಾಗದಲ್ಲಿ ಅವಮಾನ ಆಗಿರಲಿಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೆ. ನನಗೆ ಗೊತ್ತಿದೆ.

ಇನ್‌ಸ್ಪೆಕ್ಟ್ರೆಸ್ ಬರುವ ದಿನ ಬೆಳಿಗ್ಗೆ, ಮಂಜು ಇನ್ನೂ ಪೇಟೆಯ ಮೇಲೆ ಮಲಗಿರುವಾಗ, ದೇರಪ್ಪ ಜೀಪನ್ನು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದ. ಕಲ್ಲು, ಮೀನು ಎರಡೂ ನೀರು ತುಂಬಿದ ಬಕೆಟ್ಟಿನಲ್ಲಿ. ಉಳಿದ ನೀರು ಜಾಡಿಗಳಲ್ಲಿ. ತೊಟ್ಟಿ ಬರಿದಾಗಿ ಅವಳ ತೊಡೆಯ ಮೇಲೆ. ವಿಜ್ಞಾನದ ಕೋಣೆಯಲ್ಲಿ ಪೂರ್ವದ ಕಿಟಕಿಯ ಕೆಳಗೆ ಎಲ್ಲ ಕೂರಿಸಿ, ನೀರು ತುಂಬಿ, ಗಾಳಿಯ ಟ್ಯೂಬು ಜೋಡಿಸಿ ಮುಗಿಸುವಾಗ ಹವಳಗಳೆಲ್ಲ ಕಲಕಿ ಹೋಗಿ ಮುದುಡಿ ಕಂದು ಬಣ್ಣದ ಗಂಟುಗಳಾಗಿದ್ದವು. ಕಿಟಕಿಯಾಚೆ ಮಂಜು ಬೆಳ್ಳಗೆ ಅಲುಗಾಡದೆ ನಿಂತಿತ್ತು. ಮಂಜಿನ ಬಿಳಿ ಅವಳಿಗೆ ಆ ಹಳೆಯ ನೀರಿನ ಬಿಳಿಯಾಗಿ ಕಂಡಿತು.

ಬಾಗಿಲಲ್ಲಿ ಪುಟ್ಟರಾಜು. ಅವರ ಕೈ ಆಗಲೇ ಜೇಬಿನ ಕರವಸ್ತ್ರಕ್ಕೆ ಹೋಗಿತ್ತು.

"ಏನ್ ಯಮುನಮ್ನೋರೆ ಇದು? ಬ್ಯಾಡ ಅಂದಿದ್ನಲ್ಲ. ಒಂದು ಬಟ್ಟೆನಾದ್ರೂ ಮುಚ್ಚಿ. ಜವಾನನ್ನ ಕರೀಲಾ, ಹಿಂದಕ್ಕೆ ಸರಿಸ್ತಾನೆ."

"ಬೇಡ ಸಾರ್. ಅಲ್ಲಾಡಿಸಿದ್ರೆ ಇನ್ನೂ ಹೊತ್ತಾಗ್ತದೆ. ಇಲ್ಲೇ ಇರಲಿ."

ತನ್ನ ದನಿ ದೊಡ್ಡದಾಗಿರಲಿಲ್ಲ, ಸಣ್ಣದೂ ಆಗಿರಲಿಲ್ಲ. ಅವರು ಅವಳನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಗಾಳಿಯನ್ನು ಮೂಸಿದರು. ಗಾಳಿಯಲ್ಲಿ ಕಡಲಿನ ಒಂದು ತೆಳ್ಳನೆಯ ಉಪ್ಪು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದು ಕೇಳಿ ಅವರು ಟೋಪಿ ಸರಿಮಾಡಿಕೊಂಡು ಓಡಿದರು.

ಇನ್‌ಸ್ಪೆಕ್ಟ್ರೆಸ್ ಬಿಳಿ ಸೀರೆಯ, ದಪ್ಪ ಕನ್ನಡಕದ, ನಡೆಯುವಾಗ ಒಂದು ಕಾಲನ್ನು ತುಸು ಎಳೆಯುವ ಹೆಂಗಸು. ಹೊಲಿಗೆ ನೋಡಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ, ನೇರ ಈ ಕೋಣೆಗೆ ಬಂದರು. ಹಿಂದೆ ಹೆಡ್ಮಾಸ್ಟರು, ಅವರ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯರು.

"ಇದೇನು?"

"ಹವಳ, ಮೇಡಂ. ಜೀವಂತ."

ಅವರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನನಗೆ ಕಲ್ಲು ಕಾಣ್ತಾ ಇದೆ." ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಹುಡುಗಿಯರಲ್ಲಿ ಒಂದು ಕಿಸಕ್ಕನೆಯ ನಗು ಎದ್ದು ಅಡಗಿತು. ಹೆಡ್ಮಾಸ್ಟರು, "ಅದು ಸುಮ್ನೆ ಮೇಡಂ, ಟೀಚರಿಗೆ ಆಸಕ್ತಿ..." ಎಂದು ನಗಲು ನೋಡಿದರು.

ಇದೇ ಆ ಗಳಿಗೆ ಎಂದು ಯಮುನಳಿಗೆ ತಿಳಿಯಿತು. ಕಾಲಿನ ಕೆಳಗಿನ ನೆಲ ಜಾರಬೇಕು, ಕಿವಿ ಬಿಸಿಯಾಗಬೇಕು, ಬಕೆಟ್ಟು ಹುಡುಕಿಕೊಂಡು ಹೊರಟುಹೋಗಬೇಕು. ಕಿವಿ ಬಿಸಿಯಾಯಿತು. ಅಷ್ಟೆ. "ಜೀಪಿನಲ್ಲಿ ತಂದದ್ದಕ್ಕೆ ಮುದುಡಿವೆ ಮೇಡಂ," ಎಂದಳು. "ಬಿಸಿಲು ಬೀಳಲಿ. ಆಮೇಲೆ ದಯವಿಟ್ಟು ಇನ್ನೊಂದು ಸಲ ಬನ್ನಿ. ಅರಳ್ತವೆ."

"ಅರಳದಿದ್ದರೆ?"

"ಅರಳ್ತವೆ."

ಅವರು ಹೋದರು. ಹುಡುಗಿಯರನ್ನೂ ಕರೆದುಕೊಂಡು ಹೋದರು. ಅವಳೊಬ್ಬಳೇ ಸ್ಟೂಲಿನ ಮೇಲೆ ಕೂತಳು. ಪಕ್ಕದ ಕೋಣೆಯಿಂದ ಲೆಕ್ಕದ ಮಗ್ಗಿ, ಅದರಾಚೆ ಯಾರೋ ಪದ್ಯ ಒಪ್ಪಿಸುವುದು. ಅಷ್ಟು ಗಟ್ಟಿಯಾಗಿ ಹೇಳಿಬಿಟ್ಟೆನಲ್ಲ. ಬಂದ ದಾರಿಯ ಕುಲುಕಾಟಕ್ಕೆ ಯಾವುದಾದರೂ ಬಾಯಿ ಹರಿದಿದ್ದರೆ, ಜಾಡಿಯಲ್ಲಿ ನೀರು ತಣ್ಣಗಾಗಿದ್ದರೆ, ಮಂಜು ಮಧ್ಯಾಹ್ನದವರೆಗೂ ಹೋಗದಿದ್ದರೆ. ಕಡ್ಡಿಯಿಂದ ಒಂದನ್ನು ಮೆಲ್ಲಗೆ ತಟ್ಟಿ ನೋಡೋಣವೇ ಎಂದು ಕೈ ಎದ್ದಿತು. ಗಾಜನ್ನು ಒರೆಸೋಣವೇ ಎಂದು ಎದ್ದಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಏನೂ ಮಾಡದೆ ಇರುವುದೇ ಈಗ ಮಾಡಬೇಕಾದ ಕೆಲಸ, ಅದು ಎಲ್ಲಕ್ಕಿಂತ ಕಷ್ಟ. ಮೀನು ಕಲ್ಲಿನ ಸಂದಿಯಿಂದ ತಲೆ ಹಾಕಿ, ಹೊಸ ಜಾಗ ನೋಡಿ, ತಕರಾರಿಲ್ಲದೆ ಹಿಂದಿನ ಗಾಜಿನ ಪಾಚಿ ಮೇಯತೊಡಗಿತು. ಕಿಟಕಿಯಾಚೆಯ ಬಿಳಿ ತೆಳುವಾಯಿತು. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ತುದಿ ಕಂಡಿತು, ಆಮೇಲೆ ಕಾಂಡ, ಆಮೇಲೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಎಲೆ ಎಲೆ. ಬಿಸಿಲಿನ ಒಂದು ಪಟ್ಟಿ ಸರಳಿನ ನಡುವೆ ತೂರಿ ನೀರಿಗೆ ಬಿತ್ತು.

ಮೊದಲು ಕಲ್ಲಿನ ನೆತ್ತಿಯ ಮೇಲಿನ ಒಂದು ಗಂಟು, ಅಲುಗಿತೋ ಇಲ್ಲವೋ ಎನ್ನುವಷ್ಟು, ಸಡಿಲಿತು. ನಡುವೆ ಕೂದಲೆಳೆಯಷ್ಟು ಹಸಿರು. ಅವಳು ಉಸಿರು ಹಿಡಿದಳು. ಪಕ್ಕದ್ದು. ಅದರ ಕೆಳಗಿನದ್ದು. ಒಂದು ಎಳೆ ಹೊರಬಂತು, ಹತ್ತು ಬಂದವು, ರೆಪ್ಪೆಗಳೆಲ್ಲ ಬಿಚ್ಚಿಕೊಂಡವು. ಬಿಸಿಲು ಇಳಿದ ಹಾಗೆ ಹಸಿರೂ ಕಲ್ಲಿನ ಮೇಲಿಂದ ಇಳಿಯುತ್ತ ಬಂತು, ಮೂಲೆಯಿಂದ ಮೂಲೆಗೆ, ತಟ್ಟೆಗೆ ತಟ್ಟೆ ತಾಗಿ, ಒಂದರ ಅಂಚು ಇನ್ನೊಂದರ ಮೇಲೆ ಏರಿ, ಕೊನೆಗೆ ಕಲ್ಲು ಎನ್ನುವುದೇ ಕಾಣದೆ ಹೋಯಿತು.

ಅವಳು ಕರೆಯಲು ಹೋಗಲಿಲ್ಲ. ವರಾಂಡದಲ್ಲಿ ನೀರು ಕುಡಿಯಲು ಹೊರಟಿದ್ದ ಒಬ್ಬಳು ಹುಡುಗಿ ಬಾಗಿಲಲ್ಲಿ ಇಣುಕಿ ನೋಡಿ, "ಅಮ್ಮಾ!" ಎಂದು ಕೂಗಿದ ಕೂಗಿಗೆ ಮಗ್ಗಿ ನಿಂತಿತು, ಪದ್ಯ ನಿಂತಿತು. ಇನ್‌ಸ್ಪೆಕ್ಟ್ರೆಸ್ ಕಾಲೆಳೆಯುತ್ತ ಬಂದರು. ಈ ಸಲ ಅವರು ಬಗ್ಗಲಿಲ್ಲ, ಯಾರನ್ನೂ ಕೇಳದೆ ನೆಲದ ಮೇಲೆ ಕೂತುಬಿಟ್ಟರು. ಯಮುನ ಕಡ್ಡಿಯ ತುದಿಯಲ್ಲಿ ಸೀಗಡಿಯ ಒಂದು ಕಣವಿಟ್ಟು ನೀರಿಗೆ ಇಳಿಸಿದಳು. ಈಗ ನೀರನ್ನು ಮೂಸಿ ನೋಡಲಿಲ್ಲ. ಎಳೆಗಳು ಕಣವನ್ನು ಮುಟ್ಟಿ, ತಡವರಿಸಿ, ಒಳಕ್ಕೆ ಬಾಗಿದವು. ಹಸಿರು ತಟ್ಟೆ ನಿಧಾನವಾಗಿ ಅಂಗೈ ಮಡಚಿದ ಹಾಗೆ ಮಡಚಿಕೊಂಡು ನುಂಗಿತು. ಹುಡುಗಿಯರು ಒಂದೇ ಉಸಿರಿನಲ್ಲಿ ಹಾ ಎಂದರು.

"ಸಮುದ್ರ ಎಲ್ಲಿ, ಗೋಣಿಕೊಪ್ಪಲು ಎಲ್ಲಿ," ಎಂದರು ಇನ್‌ಸ್ಪೆಕ್ಟ್ರೆಸ್, ಕಣ್ಣು ತೆಗೆಯದೆ. "ನಮ್ಮ ಕಾಲೇಜಿನಲ್ಲಿ ಒಂದು ಸಲ ಪ್ರಯತ್ನಪಟ್ಟಿದ್ದರು. ಉಳಿಯಲಿಲ್ಲ. ನೀರನ್ನ ಇಷ್ಟು ಶುದ್ಧವಾಗಿ ಹೇಗೆ ಇಟ್ಟಿರಿ?"

"ಶುದ್ಧವಾಗಿ ಇಟ್ಟಿಲ್ಲ ಮೇಡಂ. ಶುದ್ಧ ಮಾಡಿದಾಗ ಸಾಯ್ತಿದ್ದವು." ಅವಳು ಹಿಂದಿನ ಗಾಜಿನ ಪಾಚಿಯನ್ನು ತೋರಿಸಿದಳು, ಮೀನನ್ನು ತೋರಿಸಿದಳು. "ಇವುಗಳ ಮೈಯೊಳಗೆ ತೋಟ ಇದೆ. ಮೀನಿನ ಹೇಲೇ ಅದಕ್ಕೆ ಗೊಬ್ಬರ. ಗೊಬ್ಬರ ಹೆಚ್ಚಾದರೆ ಕಳೆ ಮುಚ್ಚುತ್ತದೆ, ಕಡಿಮೆಯಾದರೆ ತೋಟ ಬಿಳಿಚುತ್ತದೆ. ಆ ಹಿಂದಿನ ಗಾಜು, ಈ ಹಸಿರು, ಎರಡನ್ನೂ ನೋಡ್ತಾ ನೋಡ್ತಾ ಹಾಕ್ತೇನೆ."

ಹುಡುಗಿಯರಿಗೆ ಮೀನಿನ ಹೇಲು ಎಂದದ್ದಕ್ಕೆ ನಗು. ಇನ್‌ಸ್ಪೆಕ್ಟ್ರೆಸ್‌ಗೂ ನಗು ಬಂತು. ನೆಲಕ್ಕೆ ಕೈಯೂರಿ ಎದ್ದು, "ಹೆಡ್ಮಾಸ್ಟರೇ, ಈ ಕೋಣೆಗೆ ಬೆಂಚು ಬೇಕು, ಗ್ಯಾಸಿನ ಒಲೆ ಬೇಕು, ಇನ್ನೊಂದು ಕಿಟಕಿ ಬೇಕು. ಜೂನ್‌ನಿಂದ ಇಲ್ಲಿ ಸೈನ್ಸ್ ಸೆಕ್ಷನ್ ಶುರುವಾಗಲಿ. ನಾನು ಮಂಜೂರು ಮಾಡಿಸ್ತೇನೆ," ಎಂದರು.

"ಆಗ್ಲಿ ಮೇಡಂ. ನಮ್ಮ ಸ್ಕೂಲಿನಲ್ಲಿ ಮೊದ್ಲಿಂದಾನೂ ಇಂಥದ್ದಕ್ಕೆ ನಾವು ಪ್ರೋತ್ಸಾಹ..." ಎಂದು ಆರಂಭಿಸಿದ ಪುಟ್ಟರಾಜು, ಯಮುನ ತಮ್ಮನ್ನೇ ನೋಡುತ್ತಿರುವುದು ಕಂಡು ನಿಲ್ಲಿಸಿದರು. ಕೈಯಲ್ಲಿನ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಪ್ರೋತ್ಸಾಹ ಏನೂ ಕೊಟ್ಟಿಲ್ಲ ಮೇಡಂ. ಎಲ್ಲ ಟೀಚರ್ದೇ," ಎಂದರು. ಆಮೇಲೆ ಪಾಪ, ತಾವೂ ಮಂಡಿ ಮಡಿಸಿ ತೊಟ್ಟಿಯ ಮುಂದೆ ಕೂತು, ಹುಡುಗಿಯೊಬ್ಬಳನ್ನು, "ಬಾಯಿ ಎಲ್ಲೈತವ್ವ ಇದ್ಕೆ? ತೋರ್ಸು," ಎಂದು ಕೇಳಿದರು.

ಕಾರು ಹೋದ ಮೇಲೂ ಕೋಣೆ ಬರಿದಾಗಲಿಲ್ಲ. ಒಂದು ತರಗತಿ ಹೋದರೆ ಇನ್ನೊಂದು ಬಂತು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಟೀಚರ್, ಇದಕ್ಕೆ ಕಣ್ಣಿಲ್ಲವಾ, ಟೀಚರ್, ನಾನೂ ಸೈನ್ಸಿಗೆ ಸೇರಬಹುದಾ, ಟೀಚರ್, ಅಪ್ಪನಿಗೆ ನೀವೇ ಹೇಳಬೇಕು. ಹೇಳುತ್ತೇನೆ ಎಂದಳು. ಎಲ್ಲರ ಅಪ್ಪಂದಿರಿಗೂ ಹೇಳುತ್ತೇನೆ. ಹೇಳುತ್ತ ಹೇಳುತ್ತ ಅವಳಿಗೆ ಇದ್ದಕ್ಕಿದ್ದಂತೆ ಹಸಿವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ; ನಿಜ ಹೇಳಬೇಕೆಂದರೆ ಈ ವರ್ಷವೆಲ್ಲ ಶಾಲೆಯಲ್ಲಿ ಅವಳು ಊಟವೆನ್ನುವಂಥ ಊಟ ಮಾಡಿರಲಿಲ್ಲ, ಡಬ್ಬಿಯಲ್ಲಿ ವಾಸನೆ ಬರುವಂಥದ್ದೇನನ್ನೂ ಹಾಕಿಸಿಕೊಳ್ಳದೆ, ಸಪ್ಪೆ ಮೊಸರನ್ನವನ್ನು ಗೋಡೆಯ ಕಡೆ ತಿರುಗಿ ಮುಗಿಸುತ್ತಿದ್ದಳು. ಇವತ್ತು ಅತ್ತೆ ಕೇಳದೆಯೇ ಏನನ್ನೋ ಕಟ್ಟಿಕೊಟ್ಟಿದ್ದರು. ಅವಳು ಹುಡುಗಿಯರ ನಡುವೆಯೇ, ಮೇಜಿನ ಮೇಲೆ, ಡಬ್ಬಿಯ ಮುಚ್ಚಳ ತೆಗೆದಳು. ಅಕ್ಕಿರೊಟ್ಟಿ, ಮೇಲೆ ಕಾರ ಹಚ್ಚಿ ಹುರಿದ ಒಣಮೀನು. ಘಮ್ಮೆಂದು ಅದರ ವಾಸನೆ ಕೋಣೆಯ ತುಂಬ ಹರಡಿ, ಕಿಟಕಿಯಿಂದ ವರಾಂಡಕ್ಕೂ ಹೋಯಿತು. ಪುಟ್ಟರಾಜು ಬಾಗಿಲಲ್ಲಿ ತಿರುಗಿ ನೋಡಿದರು.

"ಬನ್ನಿ ಸಾರ್," ಎಂದಳು ಯಮುನ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ. "ಊಟ ಮಾಡಿ."